ಹಕ್ಕಿ ಕೂಗುವ ಕಾಲಿಂಗ್ ಬೆಲ್ಲು

ಮೊನ್ನೆ ಸ್ಕ್ರೂಡ್ರೈವರ್ ಹುಡುಕಲು ಹೋಗಿ ಷೋಕೇಸಿನ ಕೆಳಗಿನ ಡ್ರಾಯರ್ ಎಳೆದೆ. ಸ್ಕ್ರೂಡ್ರೈವರ್ ಸಿಗಲಿಲ್ಲ. ನಮ್ಮ ಮನೆಯಲ್ಲಿ ಹುಡುಕಿದ್ದು ಸಿಗುವ ಪದ್ಧತಿಯೇ ಇಲ್ಲ. ಬೇರೆ ಏನಾದರೂ ಸಿಗುತ್ತದೆ. ಈ ಸಲ ಹಳೆಯ ಕಾಲಿಂಗ್ ಬೆಲ್ಲು ಸಿಕ್ಕಿತು. ಬಿಳಿ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೊಂದು ಹಸಿರು ಗಿಳಿಯ ಚಿತ್ರ. ಗಿಳಿಯ ಚಿತ್ರವಿದೆಯೆಂದು ಅದು ಗಿಳಿಯಂತೆ ಕೂಗುತ್ತಿತ್ತೆಂದು ತಿಳಿಯಬೇಡಿ. ಚೀಂವ್ ಚೀಂವ್ ಚಿರ್ರ್ ಎಂದು ಶುರುವಾಗಿ, ಯಾರೋ ಆ ಹಕ್ಕಿಯ ಬಾಲ ತುಳಿದ ಹಾಗೆ ಮುಗಿಯುತ್ತಿತ್ತು. ಭೂಮಿಯ ಮೇಲೆ ಅಂಥ ಹಕ್ಕಿ ಇದ್ದ ಪಕ್ಷದಲ್ಲಿ ಅದರ ಸಂಸಾರ ಸುಖವಾಗಿಲ್ಲವೆಂದೇ ಹೇಳಬೇಕು.

ಅದನ್ನು ಆರಿಸಿ ತಂದವನು ನಾನೇ. ಚಿಕ್ಕಲಸಂದ್ರದ ನಮ್ಮ ರಸ್ತೆಯಲ್ಲಿ ಒಂದೊಂದು ಮನೆಯ ಬೆಲ್ಲಿಗೂ ಒಂದೊಂದು ಸ್ವಭಾವವಿದೆ. ಮೂಲೆ ಮನೆಯವರದು ಮಂತ್ರದ ಬೆಲ್ಲು. ಒತ್ತಿದವರು ಚಪ್ಪಲಿ ಬಿಟ್ಟು, ಮಂತ್ರ ಪೂರ್ತಿ ಮುಗಿಯುವ ತನಕ ಭಕ್ತಿಯಿಂದ ನಿಲ್ಲಬೇಕು. ಎದುರು ಮನೆಯದು ಹೆಂಗಸಿನ ದನಿಯಲ್ಲಿ ದಯವಿಟ್ಟು ಬಾಗಿಲು ತೆರೆಯಿರಿ ಎಂದು ಹಿಂದಿಯಲ್ಲಿ ಬೇಡಿಕೊಳ್ಳುತ್ತದೆ. ಹೊರಗೆ ನಿಂತವರು ಬಾಯಿ ಮುಚ್ಚಿಕೊಂಡಿದ್ದರೂ ಬೆಲ್ಲೇ ಅವರ ಪರವಾಗಿ ಗೋಗರೆಯುತ್ತದೆ. ನಮ್ಮ ಬೀದಿಯ ಹೊಂಗೆ ಮರ ಕಡಿದ ವರ್ಷ, ಮನೆಯ ಒಳಗಾದರೂ ಒಂದು ಹಕ್ಕಿ ಇರಲಿ ಎಂದು ನಾನು ಇದನ್ನು ತಂದೆ. ಹೆಂಡತಿ ವೀಣಾ ಒಂದು ಸಲ ಕೇಳಿಸಿಕೊಂಡು, "ಇದಕ್ಕಿಂತ ಬಂದೋರು ಬಾಗ್ಲು ಬಡಿಯೋದೇ ವಾಸಿ ಅಲ್ವೇನ್ರೀ?" ಎಂದಳು. ಅಮ್ಮ ಏನೂ ಹೇಳಲಿಲ್ಲ. ಆಗಲೇ ನಾನು ಯೋಚಿಸಬೇಕಿತ್ತು. ನಮ್ಮಮ್ಮ ಯಾವ ವಿಷಯಕ್ಕೂ ಏನೂ ಹೇಳದೆ ಬಿಟ್ಟವಳಲ್ಲ.

ಅಮ್ಮನಿಗೆ ಎಪ್ಪತ್ತಾರು. ಅವಳು ನಮ್ಮ ಜೊತೆ ಇದ್ದಾಳೆ ಎನ್ನುವುದು ಲೋಕರೂಢಿಯ ಮಾತು. ನಾವು ಅವಳ ಅಡುಗೆಮನೆಯ ಸುತ್ತ ಇದ್ದೇವೆ ಎನ್ನುವುದು ನಿಜ. ನಾನೂ ವೀಣಾ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲಿನಲ್ಲಿ ಮನೆ ಅವಳದೇ. ಹಕ್ಕಿ ಬಂದ ಕೆಲವು ತಿಂಗಳಿಗೆ ಒಂದು ದೂರು ಶುರುವಾಯಿತು: ನಮ್ಮ ಮನೆಯ ಬಾಗಿಲು ತೆರೆಯುವುದಿಲ್ಲ. ಕೊರಿಯರ್‌ನವರು ವಾಪಸ್ ಹೋದರು, ಗ್ಯಾಸಿನವರು ವಾಪಸ್ ಹೋದರು, ಕುಂಕುಮಕ್ಕೆ ಕರೆಯಲು ಬಂದ ಮೂಲೆಮನೆಯಾಕೆ ಮುನಿಸಿಕೊಂಡು ಹೋದರು.

"ಬೆಲ್ಲು ಕೆಟ್ಟಿದೆ ಕಣೋ ಸೀನ," ಎಂದಳು ಅಮ್ಮ.

ನಾನು ಹೊರಗೆ ಹೋಗಿ ಒತ್ತಿದೆ. ಹಕ್ಕಿ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು. ಒಳಗೆ ಬಂದು, "ಕೂಗ್ತಲ್ಲಮ್ಮ?" ಎಂದೆ.

"ಈಗ ಕೂಗಿರ್ಬೋದು. ಅವ್ರು ಬಂದಾಗ ಕೂಗ್ಲಿಲ್ಲ," ಎಂದಳು ಅಮ್ಮ, ಅವರೆಕಾಳು ಬಿಡಿಸುವುದನ್ನು ನಿಲ್ಲಿಸದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಅನ್ನುವ ಧೈರ್ಯ ಐವತ್ತೆಂಟು ವರ್ಷಕ್ಕೂ ಬಂದಿಲ್ಲ.

ಆಮೇಲೆ ಕುಕ್ಕರಿನ ಸರದಿ. ನಿಮಗೆ ಗೊತ್ತಲ್ಲ, ನಮ್ಮ ಅಡುಗೆಗೆ ಗಡಿಯಾರವಿಲ್ಲ, ಕೂಗು ಇದೆ. ಅನ್ನಕ್ಕೆ ಮೂರು ಕೂಗು, ಬೇಳೆಗೆ ನಾಲ್ಕು, ಕಡಲೆಕಾಳಿಗೆ ಆರು. ಮದುವೆ ಮಾತುಕತೆ ನಡೆಯುತ್ತಿರಲಿ, ಸಾವಿನ ಸುದ್ದಿ ಬಂದಿರಲಿ, ನಮ್ಮ ಹೆಂಗಸರ ತಲೆಯೊಳಗೆ ಒಂದು ಎಣಿಕೆ ತನ್ನಷ್ಟಕ್ಕೆ ನಡೆದೇ ಇರುತ್ತದೆ. ಈ ವಿದ್ಯೆಯಲ್ಲಿ ಅಮ್ಮನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಫೋನಿನಲ್ಲಿ ತಂಗಿಯ ಜೊತೆ ಜಗಳವಾಡುತ್ತ, ನಡುವೆ ಉಸಿರು ತೆಗೆದುಕೊಳ್ಳುವಾಗ "ಸೀನಾ, ನಾಲ್ಕಾಯ್ತು, ಆರ್ಸು" ಎಂದು ನನಗೆ ಹೇಳಿ, ಬಿಟ್ಟ ಬೈಗುಳದಿಂದಲೇ ಜಗಳ ಮುಂದುವರಿಸುತ್ತಿದ್ದಳು. ಅಂಥವಳ ಬೇಳೆ ಅಂಟಾಗತೊಡಗಿತು. ಅನ್ನ ಗಂಜಿಯಾಯಿತು. ವೀಣಾ ಬಚ್ಚಲಿಂದ "ಅತ್ತೇ, ಏಳಾಯ್ತು!" ಎಂದು ಕೂಗಿಕೊಂಡರೆ, ಒಲೆಯ ಪಕ್ಕದಲ್ಲೇ ನಿಂತ ಅಮ್ಮ "ಎರಡೇ ಕಣೇ" ಎನ್ನುತ್ತಿದ್ದಳು.

ಅದಕ್ಕೂ ಹೆಚ್ಚಿನದು, ಹೇಳಿದ ಮಾತು ಅವಳಲ್ಲಿ ನಿಲ್ಲುತ್ತಿರಲಿಲ್ಲ. ಶನಿವಾರ ನೀರು ಬರುವುದಿಲ್ಲ ಎಂದರೆ "ಹೂಂ" ಎನ್ನುವಳು; ಶನಿವಾರ ಕೊಡ ಖಾಲಿ. "ಹೇಳಿದ್ನಲ್ಲಮ್ಮ!" ಎಂದರೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಹೇಳಿದ್ಯೇನೋ," ಎನ್ನುವಳು. ಆ ನೋಟ ನನಗೆ ಸೇರುತ್ತಿರಲಿಲ್ಲ.

ಯಾಕೆಂದರೆ ಅಂಥ ನೋಟವನ್ನು ನಾವು ಹಿಂದೆ ನೋಡಿದ್ದೆವು. ಅಮ್ಮನ ಅಮ್ಮ, ನಮ್ಮಜ್ಜಿ, ಕೊನೆಯ ಮೂರು ವರ್ಷ ಯಾರನ್ನೂ ಗುರುತಿಸಲಿಲ್ಲ. ಅವಳೂ ಶುರು ಮಾಡಿದ್ದು ಹೀಗೇ, ಉಪ್ಪು ಎರಡು ಸಲ ಹಾಕುವುದರಿಂದ. ಕೊನೆಗೆ ತಲೆ ಬಾಚಲು ಬಂದ ಅಮ್ಮನನ್ನೇ "ನೀವ್ಯಾರಮ್ಮ, ತುಂಬ ಒಳ್ಳೆಯೋರು" ಎಂದಳು. ಹೀಗಾಗಿ ನಮ್ಮ ಮನೆಯಲ್ಲಿ ಮರೆವು ಎಂಬ ಮಾತನ್ನು ಯಾರೂ ಆಡಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೂ ವೀಣಾ ಕಣ್ಣಲ್ಲೇ ಮಾತಾಡಿಕೊಂಡೆವು. ಬೆಳಿಗ್ಗೆ ಹೊರಡುವಾಗ ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿ ಹೋಗತೊಡಗಿದೆವು. ಅದು ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಐವತ್ತು ವರ್ಷ ಒಲೆಯ ಮುಂದೆ ನಿಂತವಳ ಕೈಯಿಂದ ಒಲೆ ಕಸಿಯುತ್ತಿದ್ದೇನೆ ಎಂಬುದು ಆಫೀಸಿನಲ್ಲಿ ಕೂತರೂ ನನ್ನ ತಲೆಯಿಂದ ಹೋಗುತ್ತಿರಲಿಲ್ಲ.

ಈಗ ಸ್ವಲ್ಪ ನನ್ನ ಭೌತಶಾಸ್ತ್ರದ ಬಗ್ಗೆ ಹೇಳಿಬಿಡುತ್ತೇನೆ. ದೊಡ್ಡ ವಿಷಯವೇನಲ್ಲ, ಬೇಗ ಮುಗಿಯುತ್ತದೆ.

ಜಯನಗರದ ನಮ್ಮ ಸ್ಕೂಲಿನಲ್ಲಿ ಗಂಗಾಧರಯ್ಯ ಮೇಷ್ಟ್ರು ಅಲೆಗಳ ಪಾಠಕ್ಕೆಂದು ಮನೆಯಿಂದ ಬಟ್ಟೆ ಒಣಹಾಕುವ ಹಗ್ಗ ತಂದಿದ್ದರು. ಒಂದು ತುದಿ ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಜೋರಾಗಿ ಕೊಡವಿದರು. ಹಗ್ಗದಲ್ಲಿ ಒಂದು ಗೂನು ಎದ್ದು ಕಿಟಕಿಯವರೆಗೆ ಓಡಿ ವಾಪಸ್ ಬಂತು.

"ಹಗ್ಗ ಕಿಟಕಿ ಹತ್ರ ಹೋಯ್ತೇನೋ?"

"ಇಲ್ಲ ಸಾರ್."

"ಮತ್ತೆ ಹೋಗಿದ್ದೇನೋ?"

ನಾನು ಎದ್ದು, "ನಿಮ್ಮ ಕೋಪ ಸಾರ್," ಎಂದೆ. ಎಲ್ಲರೂ ಏಟು ಬೀಳುತ್ತದೆಂದು ಕಾದರು. ಮೇಷ್ಟ್ರು ಯೋಚಿಸಿ, "ಹೆಚ್ಚೂಕಮ್ಮಿ ಸರಿ ಕಣೋ. ಅದಕ್ಕೆ ಪುಸ್ತಕದಲ್ಲಿ ಶಕ್ತಿ ಅಂತಾರೆ," ಎಂದರು. ನನ್ನ ವಿಜ್ಞಾನ ಜೀವನದ ಶಿಖರ ಅದೇ. ಅಲ್ಲಿಂದ ಮುಂದೆ ಬರೀ ಇಳಿಜಾರು.

ಆ ಪಾಠ ಒಂದು ವಾರ ಮೊದಲೇ ಆಗಿದ್ದರೆ ನನ್ನ ಚಪ್ಪಲಿ ಉಳಿಯುತ್ತಿತ್ತು. ಪುಟ್ಟೇನಹಳ್ಳಿ ಕೆರೆಯಲ್ಲಿ ಆಟವಾಡುವಾಗ ನನ್ನ ಹವಾಯಿ ಚಪ್ಪಲಿ ಒಂದು ನೀರಿನ ಮೇಲೆ ತೇಲಿಹೋಗಿತ್ತು. ಅದರ ಆಚೆಗೆ ಕಲ್ಲು ಎಸೆದರೆ ಅಲೆ ಬಂದು ಚಪ್ಪಲಿಯನ್ನು ದಡಕ್ಕೆ ತಳ್ಳುತ್ತದೆ ಎಂದು ಗೆಳೆಯರು ಹೇಳಿದರು. ಸಂಜೆಯ ತನಕ ಕಲ್ಲು ಎಸೆದೆವು. ಅಲೆಗಳೆಲ್ಲ ದಡಕ್ಕೆ ಬಂದವು. ಚಪ್ಪಲಿ ಮಾತ್ರ ಬಂದ ಪ್ರತಿ ಅಲೆಗೂ ಎದ್ದು ನಮಸ್ಕಾರ ಮಾಡಿ, ಮತ್ತೆ ಅಲ್ಲೇ ಕೂರುತ್ತಿತ್ತು. ಅಲೆ ಸಾಗುತ್ತದೆ, ನೀರು ಸಾಗುವುದಿಲ್ಲ ಎಂಬ ತತ್ವವನ್ನು ನಾನು ಒಂಟಿ ಚಪ್ಪಲಿಯಲ್ಲಿ ಮನೆಗೆ ಕುಂಟಿಕೊಂಡು ಹೋಗಿ, ಅಮ್ಮನ ಸೌಟಿನ ಸಮ್ಮುಖದಲ್ಲಿ ಕಲಿತೆ.

ವಿದ್ಯುತ್ಕಾಂತದ ಕಥೆ ಇನ್ನೂ ಚೆನ್ನಾಗಿದೆ. ವಿಜ್ಞಾನ ಪ್ರದರ್ಶನಕ್ಕೆ ನಾನು ದಪ್ಪ ಮೊಳೆಯೊಂದಕ್ಕೆ ತಾಮ್ರದ ತಂತಿ ಸುತ್ತಿ ಬ್ಯಾಟರಿಗೆ ಜೋಡಿಸಿದೆ. ಕರೆಂಟು ಹರಿದರೆ ಮೊಳೆ ಮ್ಯಾಗ್ನೆಟ್ ಆಗಬೇಕು, ಗುಂಡುಪಿನ್ನು ಎತ್ತಬೇಕು. ಎತ್ತಲಿಲ್ಲ. ಆ ತಂತಿಯ ಮೇಲೆ ಕಣ್ಣಿಗೆ ಕಾಣದ ವಾರ್ನಿಶ್ ಇರುತ್ತದೆ, ತುದಿಗಳಲ್ಲಿ ಅದನ್ನು ಕೆರೆದು ತೆಗೆಯದಿದ್ದರೆ ಕರೆಂಟು ಒಳಗೆ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಬೆಲ್ಲದ ಪಾಕ. ಮೊಳೆಯ ತುದಿಗೆ ಸ್ವಲ್ಪ ಹಚ್ಚಿದೆ. ಪಿನ್ನುಗಳು ಸೊಗಸಾಗಿ ಅಂಟಿಕೊಂಡವು. ನೋಡಲು ಬಂದ ದೊಡ್ಡ ಮನುಷ್ಯರೊಬ್ಬರು ಬ್ಯಾಟರಿಯನ್ನು ಕಿತ್ತು ಕೈಯಲ್ಲಿ ಹಿಡಿದು, "ಈಗ ಬೀಳಬೇಕಲ್ಲಪ್ಪ?" ಎಂದರು. ಪಿನ್ನುಗಳು ಬೀಳಲಿಲ್ಲ. ಅಷ್ಟು ಹೊತ್ತಿಗೆ ಇರುವೆಗಳೂ ಬಂದಿದ್ದವು.

ಇಂಥ ಹಿನ್ನೆಲೆಯ ನಾನು ಅಮ್ಮನ ಸಮಸ್ಯೆಗೆ ಕಂಡುಹಿಡಿದ ಪರಿಹಾರ ಇಂಡಕ್ಷನ್ ಸ್ಟೌವ್. ಬೆಂಕಿಯಿಲ್ಲ, ಗ್ಯಾಸಿಲ್ಲ, ಮರೆತರೂ ತಾನೇ ಆರಿಹೋಗುತ್ತದೆ. ಗಾಜಿನ ಕೆಳಗೆ ಒಂದು ತಂತಿಯ ಸುರುಳಿ ಇರುತ್ತದಂತೆ. ಅದರ ಕಾಂತಶಕ್ತಿ ಸೆಕೆಂಡಿಗೆ ಸಾವಿರಾರು ಸಲ ಆಚೀಚೆ ತಿರುಗಿ ಪಾತ್ರೆಯ ತಳವನ್ನೇ ಬಿಸಿ ಮಾಡುತ್ತದಂತೆ. ಷರತ್ತು ಒಂದೇ. ಪಾತ್ರೆಯ ತಳಕ್ಕೆ ಮ್ಯಾಗ್ನೆಟ್ ಅಂಟಬೇಕು. ಹಾಗಾಗಿ ಫ್ರಿಜ್ಜಿನ ಮೇಲಿದ್ದ ಆನೆಯ ಮ್ಯಾಗ್ನೆಟ್ ಕಿತ್ತುಕೊಂಡು ಕತ್ರಿಗುಪ್ಪೆಯ ಪಾತ್ರೆ ಅಂಗಡಿಗೆ ಹೋದೆ. ಒಂದೊಂದೇ ಪಾತ್ರೆಯನ್ನು ಬೋರಲು ಹಾಕಿ, ಆನೆಯನ್ನು ಇಟ್ಟು, ಎತ್ತಿ ನೋಡಿದೆ. ಅಂಗಡಿಯಾತ, "ಏನ್ ಸಾರ್, ಡಾಕ್ಟ್ರು ಎದೆ ನೋಡ್ದಂಗೆ ನೋಡ್ತಿದೀರ!" ಎಂದ. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರೂ ಚೀಲದಿಂದ ತಮ್ಮ ತಮ್ಮ ಮ್ಯಾಗ್ನೆಟ್ ತೆಗೆದಿದ್ದರಿಂದ ನನ್ನ ಮರ್ಯಾದೆ ಉಳಿಯಿತು.

ಹೊಸ ಪಾತ್ರೆಗಳನ್ನು ಜೋಡಿಸಿಟ್ಟು, ಅಮ್ಮ ಸಿಂಕಿನ ಹತ್ತಿರ ನಲ್ಲಿ ಬಿಟ್ಟುಕೊಂಡು ನಿಂತಿದ್ದಾಗ ಹಿಂದಿನಿಂದ ಎಲ್ಲ ವಿವರಿಸಿದೆ. ಅಲ್ಯೂಮಿನಿಯಂ ಇಡಬಾರದು, ಇದನ್ನೇ ಇಡಬೇಕು, ಹೀಗೆ ಒತ್ತಬೇಕು. ಅಮ್ಮ "ಹೂಂ, ಹೂಂ" ಎಂದಳು.

ಮರುದಿನ ವೀಣಾ ಆಫೀಸಿಗೆ ಫೋನ್ ಮಾಡಿದಳು. ಅವಳಿಗೆ ರಜೆಯಿತ್ತು. ದನಿ ತಗ್ಗಿಸಿ ಹೇಳಿದಳು: "ರೀ, ಅತ್ತೆ ಆ ಹಳೇ ಅಲ್ಯೂಮಿನಿಯಂ ಪಾತ್ರೇಲಿ ಹಾಲಿಟ್ಕೊಂಡು ಇಪ್ಪತ್ತು ನಿಮಿಷದಿಂದ ಹಂಗೇ ನಿಂತಿದ್ರು. ಸ್ಟೌವ್ ಯಾವಾಗ್ಲೋ ಆಫ್ ಆಗಿದೆ. ಹಾಲು ತಣ್ಣಗಿದೆ. ಉಕ್ಕತ್ತೆ ಅಂತ ಕಾಯ್ತಿದ್ರು. ನಂಗ್ಯಾಕೋ ಭಯ ಆಗ್ತಿದೆ."

ನನಗೂ ಭಯವಾಯಿತು. ಗಂಡಸಾದ್ದರಿಂದ, "ಏನಿಲ್ಲ ಬಿಡು," ಎಂದೆ.

ಭಾನುವಾರ ನಾನೇ ಅಡುಗೆಮನೆಯಲ್ಲಿ ಪೇಪರ್ ಹಿಡಿದು ಕೂತೆ, ಪತ್ತೇದಾರನ ಹಾಗೆ. ಅಮ್ಮ ಮತ್ತೆ ಅದೇ ಹಳೆಯ ಪಾತ್ರೆಗೆ ಹಾಲು ಸುರಿದು, ಇಂಡಕ್ಷನ್ ಮೇಲಿಟ್ಟು, ಗುಂಡಿ ಒತ್ತಿದಳು. ಪಾತ್ರೆ ಒಗ್ಗದೆ ಆ ಯಂತ್ರ ಕೀಂ, ಕೀಂ, ಕೀಂ ಎಂದು ಕಿವಿಗೆ ಸೂಜಿ ಚುಚ್ಚುವ ಹಾಗೆ ಬಡಿದುಕೊಳ್ಳತೊಡಗಿತು. ಪಡಸಾಲೆಯಲ್ಲಿದ್ದ ವೀಣಾ "ಏನ್ರೀ ಅದು!" ಎಂದು ಕೂಗಿದಳು. ಅಮ್ಮ ಒಂದು ಮೊಳ ದೂರದಲ್ಲಿ ನಿಂತು, ಸೆರಗು ಸಿಕ್ಕಿಸಿಕೊಂಡು, ಹಾಲನ್ನೇ ನೋಡುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಅಮ್ಮ, ಕೂಗ್ತಿದೆಯಲ್ಲ?"

"ಯಾರೋ?" ಎಂದು ಅಮ್ಮ ಬಾಗಿಲ ಕಡೆ ನೋಡಿದಳು.

ಅಷ್ಟರಲ್ಲಿ ಬೀದಿಯಲ್ಲಿ ತರಕಾರಿ ಗಾಡಿಯವನು ದಪ್ಪ ಗಂಟಲಲ್ಲಿ "ಸೊಪ್ಪೋ" ಎಂದ. ಅಮ್ಮ ತಕ್ಷಣ, "ದಂಟು ಇದ್ಯಾ ಕೇಳೋ," ಎಂದಳು. ನಾನು ಪೇಪರ್ ಮಡಿಸಿ ಕೆಳಗಿಟ್ಟೆ. ಹಕ್ಕಿ, ಕುಕ್ಕರ್, ಈ ಯಂತ್ರ, ಎಲ್ಲ ಕೀಚಲು ದನಿ. ಸೊಪ್ಪಿನವನದು ದಪ್ಪ ದನಿ.

ನನ್ನ ಊಹೆಯನ್ನು ನಾನೇ ನಂಬಲಿಲ್ಲ. ಬೆಲ್ಲದ ಪಾಕದ ವಿಜ್ಞಾನಿ ನಾನು. ಹಕ್ಕಿ ಬೆಲ್ಲನ್ನು ಗೋಡೆಯಿಂದ ಬಿಚ್ಚಿಕೊಂಡು ಕತ್ರಿಗುಪ್ಪೆಯ ಎಲೆಕ್ಟ್ರಿಕಲ್ ಅಂಗಡಿಯ ಶಿವಪ್ಪನವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲೂ ಇಲ್ಲ.

"ಮನೇಲಿ ವಯಸ್ಸಾದೋರು ಇದಾರಾ ಸಾರ್?"

"ಅಮ್ಮ ಇದಾರೆ."

"ಅದಕ್ಕೇ. ಸಣ್ಣ ಸೌಂಡು ಮೊದ್ಲು ಹೋಗುತ್ತೆ ಸಾರ್, ದಪ್ಪ ಸೌಂಡು ಕೊನೇವರ್ಗೂ ಇರುತ್ತೆ. ನಮ್ಮಪ್ಪಂಗೂ ಹಂಗೇ ಆಗಿತ್ತು. ವರ್ಷಕ್ಕೆ ಎಷ್ಟು ಹಕ್ಕಿ ವಾಪಸ್ ಬರ್ತವೆ ಅಂತೀರಿ!" ಎಂದು ನಕ್ಕು, ಹಳೇ ಕಾಲದ ಟಿಂಗ್ ಟಾಂಗ್ ಬೆಲ್ಲೊಂದನ್ನು ಬಿಚ್ಚಿ ತೋರಿಸಿದರು. ಒಳಗೆ ತಾಮ್ರದ ತಂತಿಯ ಸುರುಳಿ, ಅದರ ನಡುವೆ ಒಂದು ಕಬ್ಬಿಣದ ಕಡ್ಡಿ, ಆಚೀಚೆ ಎರಡು ತಗಡು. "ಒತ್ತಿದ್ರೆ ಕಾಯಿಲ್ಲು ಮ್ಯಾಗ್ನೆಟ್ ಆಗಿ ಕಡ್ಡೀನ ಎಳ್ಕೊಳ್ಳತ್ತೆ, ಟಿಂಗ್. ಬಿಟ್ರೆ ಸ್ಪ್ರಿಂಗು ವಾಪಸ್ ತಳ್ಳತ್ತೆ, ಟಾಂಗ್. ಇಷ್ಟೇ ಸಾರ್. ಇದ್ರಲ್ಲಿ ಕೆಡೋಕೆ ಏನೂ ಇಲ್ಲ."

ನಲವತ್ತೈದು ವರ್ಷ ತಡವಾಗಿ, ಸರಿಯಾಗಿ ವಾರ್ನಿಶ್ ಕೆರೆದ ಒಂದು ವಿದ್ಯುತ್ಕಾಂತ ನನ್ನ ಕೈಗೆ ಬಂತು. ಮನೆಗೆ ತಂದು ನಾನೇ ಹಾಕಿದೆ. ಹೊರಗೆ ಹೋಗಿ ಒತ್ತಿದೆ.

"ಯಾರೋ ಬಂದ್ರು ನೋಡೇ ವೀಣಾ!" ಎಂದು ದೇವರಮನೆಯಿಂದ ಅಮ್ಮನ ದನಿ ಬಂತು.

ಇನ್ನೊಮ್ಮೆ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಐದನೆಯ ಸಲಕ್ಕೆ ಅಮ್ಮ ಗಂಧದ ಕೈಯಲ್ಲೇ ಬಂದು ಬಾಗಿಲು ತೆರೆದು, "ಮಂಗನ ಹಾಗೆ ಏನೋ ಇದು? ಕಿವಿ ಕೇಳ್ಸುತ್ತೆ ನಂಗೆ!" ಎಂದು ಗದರಿದಳು. ಬೈಸಿಕೊಂಡು ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಆದರೂ ಅಷ್ಟಕ್ಕೇ ಬಿಡುವ ಹಾಗಿರಲಿಲ್ಲ. ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಅಮ್ಮನಿಗೆ ಹೆಡ್‌ಫೋನ್ ಹಾಕಿ ಕೂರಿಸಿದರು. ಶಬ್ದ ಕೇಳಿದಾಗ ಬೆರಳೆತ್ತಬೇಕು. ಮೊದಮೊದಲು ಅಮ್ಮ ಜಾಣ ವಿದ್ಯಾರ್ಥಿನಿಯಂತೆ ಪಟಪಟ ಎತ್ತಿದಳು. ಆಮೇಲೆ ಬೆರಳು ತಡವಾಯಿತು. ಆಮೇಲೆ ಎತ್ತಲೇ ಇಲ್ಲ; ಬರೀ ನನ್ನ ಮುಖ ನೋಡುತ್ತ ಕೂತಿದ್ದಳು. ಗಾಜಿನ ಈಚೆ ನಿಂತ ನಾನು ಕಣ್ಣೊರೆಸಿಕೊಂಡೆ.

ಡಾಕ್ಟರಮ್ಮ ಒಂದು ಗೆರೆ ತೋರಿಸಿದರು. ದಪ್ಪ ದನಿಗಳ ಕಡೆ ಅದು ನೆಟ್ಟಗಿದ್ದು, ಕೀಚಲು ದನಿಗಳ ಕಡೆ ಬರುತ್ತ ಜಾರುಬಂಡೆಯಂತೆ ಕೆಳಗಿಳಿದಿತ್ತು. "ಮಾತಿನಲ್ಲೂ ಸ, ಚ, ತ ಥರದ ಅಕ್ಷರ ಅಜ್ಜಿಗೆ ಸರಿಯಾಗಿ ಕೇಳ್ಸಲ್ಲ. ಹಿಂದಿನಿಂದ ಹೇಳಿದ್ರೆ, ನಲ್ಲಿ ಬಿಟ್ಟಿದ್ರೆ, ಅರ್ಧ ಮಾತು ಹೋಗ್ಬಿಡುತ್ತೆ. ಮೆಷೀನ್ ಹಾಕಿದ್ರೆ ಎಷ್ಟೋ ಸರಿಹೋಗುತ್ತೆ," ಎಂದರು. ಕಡಲೆಬೀಜದಷ್ಟಿದ್ದ ಆ ಮೆಷೀನಿನ ಒಳಗೂ ಒಂದು ಕಾಂತ, ಕೂದಲೆಳೆಯಂಥ ತಂತಿಯ ಸುರುಳಿ ಇದೆಯಂತೆ.

ನಾನು ಅಳುಕುತ್ತ, "ಮೇಡಂ, ಮತ್ತೆ... ಮರೆವು?" ಎಂದೆ.

ಅವರು ಅಮ್ಮನ ಎದುರು ಕುರ್ಚಿ ಎಳೆದುಕೊಂಡು, ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಿದರು. ವಾರ ಯಾವುದು, ಊಟಕ್ಕೆ ಏನಿತ್ತು, ನೂರರಲ್ಲಿ ಏಳು ಕಳೆದರೆ ಎಷ್ಟು, ಅದರಲ್ಲಿ ಇನ್ನೇಳು ಕಳೆದರೆ ಎಷ್ಟು. ಅಮ್ಮ ವಾರದ ಜೊತೆ ತಿಥಿ, ನಕ್ಷತ್ರವನ್ನೂ ಹೇಳಿದಳು. ಏಳೇಳಾಗಿ ಕಳೆಯುತ್ತ ಡಾಕ್ಟರು ಸಾಕೆಂದರೂ ನಿಲ್ಲಿಸದೆ ಎರಡಕ್ಕೆ ಬಂದು ನಿಂತಳು.

"ಅಜ್ಜಿ ತಲೆ ನನ್ನ ತಲೆಗಿಂತ ಚೆನ್ನಾಗಿದೆ. ಇದು ಮರೆವಲ್ಲ. ಕೇಳಿಸದೇ ಇರೋದನ್ನ ಮರೆಯೋದು ಹೇಗೆ?"

ಅಮ್ಮ ಮುಂದಕ್ಕೆ ಬಾಗಿ, "ಬರೀ ಕಿವುಡಾ?" ಎಂದಳು.

"ಬರೀ ಕಿವುಡು ಅಜ್ಜಿ."

ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಟೋ ಹತ್ತಿದ ಮೇಲೆ ನಗು ಶುರುವಾಯಿತು. ನಿಲ್ಲಲೇ ಇಲ್ಲ. ಆಟೋದವನ ಭುಜ ತಟ್ಟಿ, "ನಂಗೆ ಕಿವುಡಂತೆ ಕಣಪ್ಪ!" ಎಂದಳು. ಅವನು ಕನ್ನಡಿಯಲ್ಲಿ ನೋಡಿ, "ಏನಜ್ಜಿ, ಮೊಮ್ಮಗು ಹುಟ್ಟಿದ ಹಂಗೆ ಹೇಳ್ತಿದೀರ?" ಎಂದ.

ಬನಶಂಕರಿಯ ಸಿಗ್ನಲ್ಲಿನಲ್ಲಿ ನಗು ನಿಂತು, ಅಮ್ಮ ಪರ್ಸಿನ ಒಳಜೇಬಿಗೆ ಬೆರಳು ಹಾಕಿ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದಳು. "ಇದಿನ್ನು ಬೇಡ. ಹರಿದು ಎಸಿ," ಎಂದು ನನ್ನ ಕೈಗಿಟ್ಟಳು. ಕ್ಯಾಲೆಂಡರಿನ ಹಾಳೆಯ ಹಿಂಬದಿ. ಅವಳ ಗುಂಡಗಿನ ಅಕ್ಷರ, ಒತ್ತಿ ಒತ್ತಿ ಬರೆದದ್ದು:

"ನನ್ನ ಹೆಸರು ಸಾವಿತ್ರಿ. ಮನೆ ಚಿಕ್ಕಲಸಂದ್ರ, ನೀರಿನ ಟ್ಯಾಂಕಿನ ಹಿಂದಿನ ರಸ್ತೆ. ಕನ್ನಡಕದವಳು ವೀಣಾ, ಸೊಸೆ, ಒಳ್ಳೆಯವಳು. ಅವಳನ್ನು ಯಾರು ಎಂದು ಕೇಳಬಾರದು. ತಲೆಯಲ್ಲಿ ಕೂದಲಿಲ್ಲದವನು ಸೀನ, ನನ್ನ ಮಗ. ಅವನಿಗೆ ಇದನ್ನು ಹೇಳಬಾರದು. ಹೆದರುತ್ತಾನೆ."

ಸಿಗ್ನಲ್ಲು ಹಸಿರಾಯಿತು. ನಾನು ಕಾಗದವನ್ನು ಅದೇ ಮಡಿಕೆಯಲ್ಲಿ ಮಡಿಸಿ ಷರ್ಟಿನ ಜೇಬಿಗೆ ಹಾಕಿಕೊಂಡೆ. ಅಮ್ಮ ನೋಡಿಬಿಟ್ಟಳು.

"ಎಸಿ ಅಂದ್ನಲ್ಲೋ. ನಿಂಗ್ಯಾಕೋ ಅದು? ನಿಂಗೇನು ಮರೆವಾ?"

ನಾನು ಕೇಳಿಸದವನ ಹಾಗೆ ರಸ್ತೆ ನೋಡುತ್ತ ಕೂತೆ.